ಟೋಕಿಯೋಗೆ ಒಬ್ಬರೇ ಹೊರಟಿದ್ದೀರಾ? ಇಳಿದ ದಿನ ಮಧ್ಯಾಹ್ನ ಮೂರರ ತನಕ ಹೀಗೆ ಕಳೆಯಿರಿ

ಸಾಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಚೂಡಿದಾರ, ಮಕ್ಕಳ ಲಂಗ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಟೋಕಿಯೋದ ನಿಪ್ಪೋರಿ ಅನ್ನುವ ಕಡೆ ಒಂದಿಡೀ ಬೀದಿ ಬರೀ ಬಟ್ಟೆ ಅಂಗಡಿಗಳೇ ಇವೆ ಅಂತ ಗಿರಾಕಿಯೊಬ್ಬರು ಹೇಳಿದ್ದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮೂರು ವರ್ಷ ಚೀಟಿ ಕಟ್ಟಿ ದುಡ್ಡು ಕೂಡಿಸಿದೆ. ಮೇ ತಿಂಗಳಲ್ಲಿ ಹೋಗಿಬಂದೆ, ಒಬ್ಬಳೇ.

ಬಂದ ಮೇಲೆ ಎಲ್ಲರೂ ಕೇಳುವುದು ಒಂದೇ. ‘ಒಬ್ಬರೇ ಹ್ಯಾಗೆ ಹೋದ್ರಿ? ಭಯ ಆಗಲಿಲ್ವಾ?’ ವಿಮಾನದಲ್ಲಿ ಭಯವೇನೂ ಇಲ್ಲ. ಅಲ್ಲಿ ನಮ್ಮನ್ನು ನೋಡಿಕೊಳ್ಳುವವರು ಇರುತ್ತಾರೆ. ಕಷ್ಟ ಶುರುವಾಗುವುದು ಇಳಿದ ಮೇಲೆ. ಬೆಳಿಗ್ಗೆ ಎಂಟಕ್ಕೆ ಇಳಿಯುತ್ತೀರಿ. ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ನಿದ್ದೆ ಆಗಿರುವುದಿಲ್ಲ, ಭಾಷೆ ಬರುವುದಿಲ್ಲ, ಜೊತೆಗೆ ಯಾರೂ ಇಲ್ಲ. ಆ ಏಳು ಗಂಟೆಯನ್ನು ಹೇಗೆ ಕಳೆಯುತ್ತೀರಿ ಅನ್ನುವುದರ ಮೇಲೆ ಮುಂದಿನ ದಿನಗಳೆಲ್ಲ ನಿಂತಿವೆ.

ಇದು ನನಗೆ ಗೊತ್ತಾದದ್ದು ಅದಕ್ಕೂ ಹಿಂದಿನ ಪ್ರವಾಸದಲ್ಲಿ. ವಿಯೆಟ್ನಾಮಿನ ಹನೋಯಿಗೆ ಹೋಗಿದ್ದೆ. ಮೊದಲ ದಿನವೇ ನಾಲ್ಕು ಜಾಗ ನೋಡಬೇಕು ಅಂತ ಬರೆದಿಟ್ಟುಕೊಂಡಿದ್ದೆ. ಎರಡನೆಯದಕ್ಕೇ ತಲೆ ತಿರುಗಿತು. ನಾಲ್ಕು ಗಂಟೆಗೆ ರೂಮಿಗೆ ಹೋಗಿ ಮಲಗಿದವಳಿಗೆ ಎಚ್ಚರವಾದದ್ದು ರಾತ್ರಿ ಹನ್ನೊಂದಕ್ಕೆ. ಹೊರಗೆ ಗೊತ್ತಿಲ್ಲದ ಊರು, ಒಳಗೆ ನಾನೊಬ್ಬಳೇ. ಅಕ್ಕನಿಗೆ ಫೋನ್ ಮಾಡಿ ಅತ್ತುಬಿಟ್ಟೆ. ‘ನಾಳೆಯಿಂದ ನೋಡೋದು ಇದ್ದೇ ಇದೆ, ಮೊದಲು ಬೀದಿ ಕೊನೆಗೆ ಹೋಗಿ ಒಂದು ಟೀ ಕುಡಿದು ಬಾ’ ಅಂದಳು. ಟೋಕಿಯೋಗೆ ಹೊರಟಾಗ ನಾನು ಅವಳ ಮಾತಿನ ಹಾಗೇ ನಡೆದೆ. ಮೊದಲ ದಿನಕ್ಕೆ ದೊಡ್ಡದು ಯಾವುದೂ ಬೇಡ. ಸಣ್ಣ ಸಣ್ಣ ಖುಷಿಗಳು ಸಾಕು. ಹತ್ತಿರದ್ದು, ಅಗ್ಗದ್ದು, ಬೇಡ ಅನಿಸಿದರೆ ಅರ್ಧಕ್ಕೇ ಬಿಟ್ಟು ಬರುವಂಥದ್ದು.

ಹೊರಡುವ ಮುಂಚೆ

ತಿಂಗಳು ನೋಡಿ ಹೊರಡಿ. ಏಪ್ರಿಲ್ ಕೊನೆಯಿಂದ ಮೇ 5ರ ವರೆಗೆ ಜಪಾನಿನವರಿಗೇ ಸಾಲು ರಜೆ. ರೂಮಿನ ಬಾಡಿಗೆ ಏರಿರುತ್ತದೆ, ರೈಲು ತುಂಬಿರುತ್ತದೆ. ಅದು ಮುಗಿದ ಮೇಲಿನ ವಾರ ಚೆನ್ನಾಗಿರುತ್ತದೆ.

ವೀಸಾ ಈಗ ಕಾಗದದಲ್ಲಿ ಬರುವುದಿಲ್ಲ, ಇ-ವೀಸಾ. ಅದನ್ನು ಫೋನಿನಲ್ಲಿ ಇಂಟರ್ನೆಟ್ ಹಾಕಿಯೇ ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಜಪಾನಿನಲ್ಲಿ ನಡೆಯುವ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನಲ್ಲೇ ಕೂರುವ ಸಿಮ್, ಊರಿನಲ್ಲೇ ಹಾಕಿಸಿಕೊಳ್ಳಿ. ‘ವಿಸಿಟ್ ಜಪಾನ್ ವೆಬ್’ ಅನ್ನುವ ಸರ್ಕಾರಿ ಜಾಲತಾಣದಲ್ಲಿ ವಿವರ ತುಂಬಿದರೆ ಒಂದು ಕ್ಯೂಆರ್ ಕೋಡ್ ಸಿಗುತ್ತದೆ. ಇಳಿದ ಮೇಲೆ ಅದು ತುಂಬಾ ಸಮಯ ಉಳಿಸುತ್ತದೆ. ಅನುವಾದದ ಆ್ಯಪ್‌ನಲ್ಲಿ ಜಪಾನಿ ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕ್ಯಾಮೆರಾ ಹಿಡಿದರೆ ಬೋರ್ಡು ಓದಿ ಹೇಳುತ್ತದೆ.

ವಿಮಾನದ ಊಟಕ್ಕೆ ‘ಎವಿಎಂಎಲ್’ ಅಂತ ಕೇಳಿ, ಅದು ನಮ್ಮ ಕಡೆಯ ಸಸ್ಯಾಹಾರ. ಹೊರಡುವ ಹಿಂದಿನ ದಿನಕ್ಕಿಂತ ಮೊದಲೇ ಹೇಳಿರಬೇಕು. ಸೀಟು ನಡುದಾರಿಯ ಪಕ್ಕದ್ದು ತಗೊಳ್ಳಿ. ಕಿಟಕಿ ಚೆಂದವೇ. ಆದರೆ ರಾತ್ರಿ ಎದ್ದು ಹೋಗಬೇಕಾದಾಗ ಮಲಗಿರುವ ಇಬ್ಬರನ್ನು ಎಬ್ಬಿಸಬೇಕಲ್ಲ, ಆ ಸಂಕೋಚಕ್ಕೆ ನಾವು ನೀರನ್ನೇ ಕುಡಿಯದೆ ಕೂರುತ್ತೇವೆ. ಅದರಿಂದಲೇ ತಲೆನೋವು.

ಜಪಾನು ನಮಗಿಂತ ಮೂರೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ ಹತ್ತೂವರೆ ಅಂದರೆ ಅಲ್ಲಿ ಎರಡು ಗಂಟೆ. ನಾಲ್ಕು ದಿನ ಮೊದಲಿಂದ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿ, ಬೇಗ ಏಳಿ. ಮನೆಯಲ್ಲಿ ಯಾರಾದರೂ ನಕ್ಕರೆ ನಗಲಿ.

ಬ್ಯಾಗಿಗೆ ಹಾಕಬೇಕಾದದ್ದು: ಎರಡು ಚಪ್ಪಟೆ ಕಡ್ಡಿಯ ಪ್ಲಗ್, ಗೆರೆ ಇಲ್ಲದ ಬಿಳಿ ಹಾಳೆಯ ಸಣ್ಣ ಪುಸ್ತಕ, ಚಿಲ್ಲರೆಗೆ ಒಂದು ಪುಟ್ಟ ಪರ್ಸು, ಕಸ ತುಂಬಿಕೊಳ್ಳಲು ನಾಲ್ಕು ಕವರು. ಟೋಕಿಯೋದ ಬೀದಿಗಳಲ್ಲಿ ಕಸದ ಡಬ್ಬಿ ಸಿಗುವುದು ಕಷ್ಟ. ನಮ್ಮ ಕಸ ನಮ್ಮ ಕೈಯಲ್ಲೇ ಇರಬೇಕು. ಅಲ್ಲಿ ಕರೆಂಟು 100 ವೋಲ್ಟ್. ಫೋನ್ ಚಾರ್ಜರ್ ನಡೆಯುತ್ತದೆ, ಮನೆಯ ಕೆಟಲ್ ನಡೆಯುವುದಿಲ್ಲ. ಪವರ್ ಬ್ಯಾಂಕು ಕೈಚೀಲದಲ್ಲೇ ಇರಲಿ, ದೊಡ್ಡ ಲಗೇಜಿಗೆ ಹಾಕಬಾರದು.

ತಿನ್ನುವುದಕ್ಕೆ ನಾನು ಒಯ್ದದ್ದು ಒಗ್ಗರಣೆ ಹಾಕಿದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಪುಡಿ. ಹಣ್ಣು, ತರಕಾರಿ, ಹಸಿ ಕರಿಬೇವು ಒಯ್ಯಬೇಡಿ, ಅಲ್ಲಿ ಬಿಡುವುದಿಲ್ಲ.

ದಾರಿ

ಬೆಂಗಳೂರಿನಿಂದ ಟೋಕಿಯೋಗೆ ನೇರ ವಿಮಾನವೂ ಇದೆ. ನಾನು ಸಿಂಗಪುರದ ಮೇಲೆ ಹೋದೆ, ಟಿಕೆಟ್ಟು ಕಡಿಮೆ ಇತ್ತು. ಬೆಂಗಳೂರಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ ಚಿಲ್ಲರೆ, ಅಲ್ಲಿಂದ ನರಿತಾ ವಿಮಾನ ನಿಲ್ದಾಣಕ್ಕೆ ಸುಮಾರು ಏಳು ಗಂಟೆ. ನಡುವೆ ಆರು ಗಂಟೆ ಕಾಯಬೇಕಿತ್ತು. ನಿಲ್ದಾಣದ ಒಳಗೇ ಇದ್ದರೆ ಸಿಂಗಪುರದ ವೀಸಾ ಬೇಡ.

ಆ ಆರು ಗಂಟೆ ಕುರ್ಚಿಯಲ್ಲೇ ಕೂರಬೇಡಿ. ಚಾಂಗಿ ನಿಲ್ದಾಣದಲ್ಲಿ ಕಾಲು ಒತ್ತುವ ಮೆಷಿನ್‌ಗಳನ್ನು ಇಟ್ಟಿದ್ದಾರೆ, ದುಡ್ಡು ಬೇಡ. ಮೂರನೇ ಟರ್ಮಿನಲ್‌ನಲ್ಲಿ ಚಿಟ್ಟೆಗಳ ತೋಟ ಇದೆ. ಹಗಲಿದ್ದಾಗಲೇ ಹೋಗಿ, ಕತ್ತಲಾದ ಮೇಲೆ ಚಿಟ್ಟೆಗಳು ಎಲೆ ಕೆಳಗೆ ಕೂತುಬಿಡುತ್ತವೆ. ಚೆನ್ನಾಗಿ ನಡೆದಾಡಿ. ಎರಡನೇ ವಿಮಾನದಲ್ಲಿ ಊಟ ಬಂದರೆ ತಿಂದು ತಕ್ಷಣ ಮಲಗಿ. ಸಿನಿಮಾ ಹಾಕಲೇಬೇಡಿ. ವಿಮಾನ ಹತ್ತಿದ ಕೂಡಲೇ ಗಡಿಯಾರವನ್ನು ಜಪಾನಿನ ಸಮಯಕ್ಕೆ ತಿರುಗಿಸಿ. ಊರಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕುವುದನ್ನು ಅಲ್ಲಿಗೇ ಬಿಡಿ.

ನರಿತಾದಲ್ಲಿ ಇಳಿದ ಮೇಲೆ

ಬೆರಳಚ್ಚು, ಫೋಟೋ, ಕ್ಯೂಆರ್ ಕೋಡ್. ಹೊರಗೆ ಬಂದ ಮೇಲೆ ಮೊದಲು ಎಟಿಎಂ ಹುಡುಕಿ. ಸೆವೆನ್ ಬ್ಯಾಂಕಿನ ಎಟಿಎಂಗಳಲ್ಲಿ ಹೊರದೇಶದ ಕಾರ್ಡು ನಡೆಯುತ್ತದೆ. 100 ಯೆನ್ ಅಂದರೆ ನಮ್ಮ 60 ರೂಪಾಯಿ ಆಸುಪಾಸು. ಆಮೇಲೆ ‘ವೆಲ್ಕಮ್ ಸುಯಿಕಾ’ ಕಾರ್ಡು ತಗೊಳ್ಳಿ. ನಮ್ಮ ಮೆಟ್ರೋ ಕಾರ್ಡಿನ ಹಾಗೆ. 28 ದಿನ ನಡೆಯುತ್ತದೆ. ರೈಲು, ಬಸ್ಸು, ಸಣ್ಣ ಅಂಗಡಿ, ಎಲ್ಲದಕ್ಕೂ ಅದೇ ಆಗುತ್ತದೆ.

ಇಲ್ಲೇ ಮೊದಲ ಖುಷಿ. ನಿಲ್ದಾಣದಲ್ಲಿ ಸಾಲಾಗಿ ಡಬ್ಬಿಗಳನ್ನು ಜೋಡಿಸಿರುತ್ತಾರೆ. ಒಳಗೆ ಪ್ಲಾಸ್ಟಿಕ್ ಉಂಡೆಗಳು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ‘ಗಚ ಗಚ’ ಅಂತ ಸದ್ದು, ಉಂಡೆ ಬಿದ್ದರೆ ‘ಪೊನ್’. ಅದಕ್ಕೇ ಹೆಸರು ಗಚಪೊನ್. 300ರಿಂದ 500 ಯೆನ್. ನನಗೆ ಬಂದದ್ದು ಹೆಬ್ಬೆರಳ ಉಗುರಿನಷ್ಟು ದೊಡ್ಡ ಇಸ್ತ್ರಿಪೆಟ್ಟಿಗೆ. ವಯರಿನ ತುದಿಯ ಪ್ಲಗ್ಗನ್ನೂ ಬಿಡದೆ ಮಾಡಿದ್ದರು! ಎರಡು ಸಲ ತಿರುಗಿಸಿ, ಮೂರನೆಯದಕ್ಕೆ ಕೈ ಹಾಕಬೇಡಿ. ಹೊಸ ನಾಣ್ಯಗಳ ಪರಿಚಯವೂ ಇಲ್ಲೇ ಆಗುತ್ತದೆ. 5 ಮತ್ತು 50 ಯೆನ್ನಿನ ನಾಣ್ಯಕ್ಕೆ ನಡುವೆ ತೂತು ಇರುತ್ತದೆ.

ನರಿತಾದಿಂದ ಊರು ಸುಮಾರು 60 ಕಿಲೋಮೀಟರ್. ಕೇಸೇ ಅನ್ನುವ ಕಂಪನಿಯ ‘ಸ್ಕೈಲೈನರ್’ ರೈಲು ನಲವತ್ತು ನಿಮಿಷದೊಳಗೆ ನಿಪ್ಪೋರಿಗೆ ಮುಟ್ಟಿಸುತ್ತದೆ, ಎರಡೂವರೆ ಸಾವಿರ ಯೆನ್ನಿಗಿಂತ ಜಾಸ್ತಿ. ಅದೇ ಕಂಪನಿಯ ಮಾಮೂಲಿ ರೈಲಿಗೆ ಸಾವಿರ ಯೆನ್ ಚಿಲ್ಲರೆ, ಒಂದೂಕಾಲು ಗಂಟೆಯ ದಾರಿ. ನನ್ನ ಸಲಹೆ ಮಾಮೂಲಿ ರೈಲು. ಹೇಗೂ ಮೂರರ ತನಕ ರೂಮಿಲ್ಲ, ಅಲ್ವಾ? ಮೇ ತಿಂಗಳಲ್ಲಿ ಆ ದಾರಿಯ ಗದ್ದೆಗಳಲ್ಲಿ ನಾಟಿ ಆಗಿರುತ್ತದೆ. ನೀರು ತುಂಬಿದ ಗದ್ದೆ, ಬೆರಳುದ್ದದ ಸಸಿ, ನೂಲು ಹಿಡಿದ ಹಾಗೆ ನೇರ ಸಾಲು. ನಮ್ಮಲ್ಲಿ ಜುಲೈ ಮಳೆಯಲ್ಲಿ ಕಾಣುವುದು ಅಲ್ಲಿ ಮೇ ಬಿಸಿಲಲ್ಲಿ ಕಂಡಿತು. ಆ ಗದ್ದೆ ನೋಡಿದ ಮೇಲೆ ನನ್ನ ಎದೆಬಡಿತ ನಿಧಾನಕ್ಕೆ ಬಂತು.

ಹೋಟೆಲಿಗೆ ಹೋಗಿ ದೊಡ್ಡ ಬ್ಯಾಗು ಕೊಟ್ಟುಬಿಡಿ. ರೂಮು ಕೊಡದಿದ್ದರೂ ಬ್ಯಾಗು ಇಟ್ಟುಕೊಳ್ಳುತ್ತಾರೆ. ಮುಖ ತೊಳೆದು, ಕಾಲುಚೀಲ ಬದಲಿಸಿ. ಇದನ್ನು ಮರೆಯಬೇಡಿ, ಒಗೆದ ಕಾಲುಚೀಲ ಹಾಕಿದರೆ ಅರ್ಧ ದಣಿವು ಹೋಗುತ್ತದೆ.

ಹನ್ನೊಂದರಿಂದ ಮೂರು

ನಿಪ್ಪೋರಿ ಸ್ಟೇಷನ್ನಿನ ಪಶ್ಚಿಮದ ಬಾಗಿಲಿಂದ ಹೊರಬಿದ್ದರೆ ಯನಕ ಅನ್ನುವ ಹಳೇ ಬಡಾವಣೆ. ಎರಡನೇ ಮಹಾಯುದ್ಧದ ಬಾಂಬಿಗೆ ಟೋಕಿಯೋದ ಬಹಳ ಭಾಗ ಸುಟ್ಟುಹೋಯಿತು. ಈ ಕಡೆ ಬಹುಪಾಲು ಉಳಿಯಿತು. ಹಾಗಾಗಿ ಮರದ ಹಳೇ ಮನೆಗಳು, ಕಿರಿದಾದ ಓಣಿಗಳು, ಬಾಗಿಲಲ್ಲಿ ಹೂಕುಂಡ. ಮೊದಲು ಸಿಗುವುದು ದೊಡ್ಡ ಸ್ಮಶಾನ. ಹೆದರಬೇಡಿ, ಅಲ್ಲಿ ಸಾಲುಮರದ ನೆರಳಲ್ಲಿ ಜನ ನಡೆದಾಡುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಸಮಾಧಿಗಳ ಹಿಂದೆ ಉದ್ದನೆಯ ಮರದ ಪಟ್ಟಿಗಳನ್ನು ನಿಲ್ಲಿಸಿರುತ್ತಾರೆ. ಅವುಗಳ ಹೆಸರು ಸೊತೊಬ. ನಮ್ಮ ‘ಸ್ತೂಪ’ ಅನ್ನುವ ಪದವೇ ಹಾಗಾಗಿದೆ. ಹತ್ತಿರ ಹೋಗಿ ನೋಡಿ. ಮೇಲ್ತುದಿಯಲ್ಲಿ ಕುಂಚದಿಂದ ಬರೆದ ಅಕ್ಷರಗಳು ಜಪಾನಿಯವಲ್ಲ. ಅದು ಸಿದ್ಧಂ ಲಿಪಿ, ಸಂಸ್ಕೃತ ಬರೆಯಲು ಬಳಸುತ್ತಿದ್ದದ್ದು. ಅದೂ ಬ್ರಾಹ್ಮಿಯಿಂದ ಬಂದದ್ದು, ನಮ್ಮ ಕನ್ನಡ ಅಕ್ಷರವೂ ಬ್ರಾಹ್ಮಿಯಿಂದ ಬಂದದ್ದು. ಓದಲು ಬರಲಿಲ್ಲ. ಆದರೂ ದೂರದ ನೆಂಟರ ಮುಖ ಕಂಡ ಹಾಗಾಯಿತು. ಅಲ್ಲಿ ಫೋಟೋ ತೆಗೆಯಬೇಡಿ, ಅವರ ಮನೆಯವರದ್ದಲ್ಲವೇ ಅದು.

ಅಲ್ಲಿಂದ ಮುಂದೆ ಯನಕ ಗಿಂಜಾ ಅನ್ನುವ ಸಣ್ಣ ಪೇಟೆಬೀದಿ. ಐದು ನಿಮಿಷಕ್ಕೆ ದಾಟಬಹುದು. ದಾಟಬೇಡಿ, ಒಂದು ಗಂಟೆ ಮಾಡಿ. ನಾನು ತಗೊಂಡದ್ದು ಒಂದು ತೆನುಗುಯಿ. ನಮ್ಮ ಪಾಣಿಪಂಚೆಯ ತಮ್ಮ ಅನ್ನಬಹುದು: ತೆಳು ಹತ್ತಿ, ಅಗಲ ಒಂದಡಿಗಿಂತ ಸ್ವಲ್ಪ ಜಾಸ್ತಿ, ಉದ್ದ ಮೂರಡಿ. ಕೈಗೆ ತಗೊಂಡ ಕೂಡಲೇ ನಾನು ನೋಡಿದ್ದು ಅಂಚು. ಎರಡು ತುದಿಯನ್ನೂ ಮಡಚಿ ಹೊಲಿದಿರಲಿಲ್ಲ, ಸುಮ್ನೆ ಕತ್ತರಿಸಿ ಬಿಟ್ಟಿದ್ದರು. ಕೆಲಸ ಅರ್ಧಕ್ಕೆ ಬಿಟ್ಟಿದ್ದಾರಲ್ಲ ಅನಿಸಿತು. ಅಂಗಡಿಯಮ್ಮನಿಗೆ ಕೈಸನ್ನೆಯಲ್ಲಿ ಹೊಲಿಗೆ ತೋರಿಸಿ ‘ಯಾಕಿಲ್ಲ?’ ಅಂತ ಕೇಳಿದೆ. ಆಕೆ ಒದ್ದೆ ಬಟ್ಟೆ ಹಿಂಡಿ ಒಣಹಾಕಿದ ಹಾಗೆ ಅಭಿನಯಿಸಿ ತೋರಿಸಿದರು. ಮಡಿಕೆ ಇದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಇಲ್ಲದಿದ್ದರೆ ಬೇಗ ಒಣಗುತ್ತದೆ. ಎರಡು ಒಗೆತಕ್ಕೆ ನಾಲ್ಕು ಎಳೆ ಬಿಚ್ಚಿಕೊಳ್ಳುತ್ತದೆ, ಆಮೇಲೆ ಅಲ್ಲಿಗೇ ನಿಲ್ಲುತ್ತದೆ. ಮಾತಿಲ್ಲದೆ ಇಬ್ಬರು ಹೆಂಗಸರು ಐದು ನಿಮಿಷ ಬಟ್ಟೆಯ ಅಂಚಿನ ಬಗ್ಗೆ ಮಾತಾಡಿದೆವು. ನಿಮ್ಮ ಕಸುಬು ಯಾವುದೋ ಅದರ ಅಂಗಡಿಯೊಂದಕ್ಕೆ ಮೊದಲ ದಿನವೇ ಹೋಗಿ ಅನ್ನುವುದು ಇದಕ್ಕೇ.

ಹೊಟ್ಟೆಗೆ? ಸಸ್ಯಾಹಾರಿಗಳು ಜಾಗ್ರತೆ. ಅಲ್ಲಿನ ಸಾರಿಗೆಲ್ಲ ‘ದಾಶಿ’ ಹಾಕುತ್ತಾರೆ, ಅದು ಹೆಚ್ಚಾಗಿ ಒಣಮೀನಿನ ರಸ. ಬರೀ ತರಕಾರಿ ಕಂಡರೂ ನಂಬುವ ಹಾಗಿಲ್ಲ. ಪ್ಯಾಕೆಟ್ಟಿನ ಮೇಲೆ ನಮ್ಮ ಹಸಿರು ಚುಕ್ಕಿ ಇರುವುದಿಲ್ಲ. ‘ನಿಕು ಮೊ ಸಕಾನಾ ಮೊ ತಾಬೆರಾರೆಮಾಸೆನ್’ ಅಂದರೆ ಮಾಂಸ, ಮೀನು ಎರಡೂ ತಿನ್ನುವುದಿಲ್ಲ ಅಂತ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಮೊದಲ ದಿನಕ್ಕೆ ಸುಲಭದ ದಾರಿ ‘ಕೊಂಬಿನಿ’. ಸೆವೆನ್ ಇಲೆವೆನ್, ಲಾಸನ್, ಫ್ಯಾಮಿಲಿಮಾರ್ಟ್ ಥರದ, ಹಗಲು ರಾತ್ರಿ ತೆರೆದಿರುವ ಅಂಗಡಿಗಳು. ಅಲ್ಲಿ ಬಿಳಿ ಅನ್ನದ ಪ್ಯಾಕೆಟ್ ಸಿಗುತ್ತದೆ. ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಬಿಸಿ ಮಾಡಿ ಪುಳಿಯೋಗರೆ ಪುಡಿ ಕಲಸಿದರೆ ಊಟ ಆಯಿತು. ಜೊತೆಗೆ ಬಾಳೆಹಣ್ಣು, ಮೊಸರು. ಬೀದಿಬದಿಯ ಮೆಷಿನ್‌ಗಳಲ್ಲಿ ಕೆಂಪು ಪಟ್ಟಿ ಇದ್ದರೆ ಬಿಸಿ ಪಾನೀಯ, ನೀಲಿ ಇದ್ದರೆ ತಣ್ಣನೆಯದು.

ಒಂದು ಗಂಟೆ ಹೊತ್ತಿಗೆ ಕಾಲು ಸೋಲುತ್ತದೆ, ಕಣ್ಣು ಎಳೆಯುತ್ತದೆ. ಆಗ ರೈಲು ಹತ್ತಿ. ಯಮನೋತೆ ಅನ್ನುವುದು ಊರನ್ನು ಬಳೆಯ ಹಾಗೆ ಸುತ್ತುವ ರೈಲು. ಎಲೆಹಸಿರು ಪಟ್ಟಿ, 34.5 ಕಿಲೋಮೀಟರ್, 30 ಸ್ಟೇಷನ್, ಒಂದು ಸುತ್ತಿಗೆ ಒಂದು ಗಂಟೆ. ನಿಪ್ಪೋರಿಯಲ್ಲಿ ಇಕೆಬುಕುರೊ ಕಡೆಯ ರೈಲು ಹತ್ತಿ. ಊರೆಲ್ಲ ಸುತ್ತಿ ಉಎನೊದಲ್ಲಿ ಇಳಿಯಿರಿ. ನೇರ ಹೋದರೆ ಅದು ನಿಪ್ಪೋರಿಯಿಂದ ಎರಡನೇ ಸ್ಟೇಷನ್. ದಾಟಿದ ಸ್ಟೇಷನ್ನನ್ನೇ ಮತ್ತೆ ದಾಟದಿದ್ದರೆ ಹತ್ತಿರದ ದಾರಿಯ ದರವನ್ನಷ್ಟೇ ಹಿಡಿಯುತ್ತಾರೆ. 150 ಯೆನ್ ಆಸುಪಾಸು. ಇದು ಅವರದೇ ನಿಯಮ. ನಡುವೆ ಗೇಟು ದಾಟಿ ಹೊರಗೆ ಹೋಗಬೇಡಿ, ಅಷ್ಟೇ.

ಪ್ರತಿ ಸ್ಟೇಷನ್ನಿಗೂ ನಂಬರಿದೆ. ನಿಪ್ಪೋರಿ ಜೆವೈ 07. ಅಲ್ಲಿಂದ 08, 09 ಅಂತ ಏರುತ್ತದೆ. 17 ಶಿಂಜುಕು, 20 ಶಿಬುಯಾ, 30 ಆದ ಮೇಲೆ ಮತ್ತೆ 01, ಅದೇ ಟೋಕಿಯೋ ಸ್ಟೇಷನ್. ಕಳೆದುಹೋಗುವ ಮಾತೇ ಇಲ್ಲ. ಬಹಳಷ್ಟು ಸ್ಟೇಷನ್‌ಗಳಲ್ಲಿ ಬಾಗಿಲು ಮುಚ್ಚುವ ಮುಂಚೆ ಒಂದೊಂದು ಪುಟ್ಟ ರಾಗ ಬಾರಿಸುತ್ತಾರೆ. ಮಧ್ಯಾಹ್ನ ಸೀಟು ಸಿಗುತ್ತದೆ. ಸುಮ್ನೆ ಕೂತು ನೋಡಿ: ಶಾಲೆಯ ಹುಡುಗಿಯರ ನೆರಿಗೆ ಲಂಗ, ಅಜ್ಜಿಯರ ಟೋಪಿ, ಯಾರದೋ ಕೋಟಿನ ಕೈಹೊಲಿಗೆ. ಊರಿಗೆ ಊರೇ ಬಂದು ನಿಮ್ಮ ಎದುರು ಕೂತು ಎದ್ದು ಹೋಗುತ್ತದೆ. ಕಣ್ಣು ಮುಚ್ಚದಿರಲು ನಂಬರು ಎಣಿಸುತ್ತಾ ಹೋಗಿ.

ಗೇಟಿನ ಹತ್ತಿರ ಸಣ್ಣ ಮೇಜಿನ ಮೇಲೆ ರಬ್ಬರ್ ಸ್ಟಾಂಪು ಇಟ್ಟಿರುತ್ತಾರೆ. ಸ್ಟೇಷನ್ನಿಗೊಂದು ಚಿತ್ರ, ದುಡ್ಡಿಲ್ಲ. ಕಾಣದಿದ್ದರೆ ‘ಎಕಿ ಸ್ತಾಂಪು?’ ಅಂತ ಕೇಳಿ. ಬಿಳಿ ಹಾಳೆಯ ಪುಸ್ತಕ ಇದಕ್ಕೇ. ಪಾಸ್‌ಪೋರ್ಟಿನ ಮೇಲೆ ಮಾತ್ರ ಒತ್ತಬೇಡಿ.

ಉಎನೊದಲ್ಲಿ ಇಳಿದು ಪಾರ್ಕಿನ ದಾರಿ ಹಿಡಿದರೆ ಶಿನೊಬಜು ಕೆರೆ. ಕೆರೆಯ ನಡುವೆ ಒಂದು ಗುಡಿ. ಒಳಗಿರುವವಳು ಬೆಂಜೈತೆನ್, ನಮ್ಮ ಸರಸ್ವತಿ. ನಮ್ಮ ದೇಶದಿಂದ ಚೀನಾಕ್ಕೆ, ಅಲ್ಲಿಂದ ಜಪಾನಿಗೆ ಬೌದ್ಧರ ಜೊತೆ ಹೋದವಳು. ಅಲ್ಲಿ ಅವಳ ಕೈಗೆ ವೀಣೆಯ ಬದಲು ‘ಬಿವ’ ಅನ್ನುವ ತಂತಿವಾದ್ಯ ಬಂತು. ಶೃಂಗೇರಿಯ ಶಾರದೆಯನ್ನು ನೋಡಿ ಬೆಳೆದವಳು ನಾನು. ಆ ಮೆಟ್ಟಿಲ ಮೇಲೆ ನಿಂತಾಗ ಗಂಟಲು ಕಟ್ಟಿತು. 5 ಯೆನ್ನಿನ ತೂತಿನ ನಾಣ್ಯ ಹಾಕಿ. ಅದನ್ನು ‘ಗೊ-ಎನ್’ ಅನ್ನುತ್ತಾರೆ, ‘ನಂಟು’ ಅನ್ನುವುದಕ್ಕೂ ಅದೇ ಸದ್ದು. ಕೈಮುಗಿದರೆ ಸಾಕು. ಇದು ಬೌದ್ಧ ಗುಡಿ, ಚಪ್ಪಾಳೆ ತಟ್ಟುವುದು ಜಪಾನಿನವರದೇ ಧರ್ಮವಾದ ಶಿಂತೋದ ಗುಡಿಗಳಲ್ಲಿ. ಗುಡಿಯ ಸುತ್ತ ಕಲ್ಲುಗಳನ್ನೂ ನೋಡಿ. ಕನ್ನಡಕಕ್ಕೊಂದು, ಅಡುಗೆಯ ಚಾಕುವಿಗೊಂದು ಸ್ಮಾರಕ. ನಾವು ಆಯುಧಪೂಜೆಗೆ ಮೆಷಿನ್ನಿಗೆ ಕುಂಕುಮ ಇಡುವುದಿಲ್ಲವೇ, ಹಾಗೆ. ಫೆಬ್ರವರಿ 8ಕ್ಕೆ ಆ ಊರಲ್ಲಿದ್ದರೆ ಅಸಾಕುಸಾ ಅನ್ನುವ ಕಡೆಯ ಸೆನ್ಸೋಜಿ ಗುಡಿಗೆ ಹೋಗಿ. ಅವತ್ತು ಮುರಿದ ಸೂಜಿಗಳನ್ನು ಪನೀರಿನ ಹಾಗೆ ಮೆತ್ತನೆಯ, ಸೋಯಾದ ತೋಫುವಿಗೆ ಚುಚ್ಚಿ ಅವಕ್ಕೆ ವಿಶ್ರಾಂತಿ ಕೊಡುತ್ತಾರೆ. ನನ್ನ ಮುಂದಿನ ಚೀಟಿ ಅದಕ್ಕೇ.

ಮೂರಾದ ಮೇಲೆ

ರೂಮು ಸಿಕ್ಕಿತು ಅಂತ ಮಲಗಬೇಡಿ. ಹಾಸಿಗೆ ಮೇಲೆ ಕೂರಲೂ ಬೇಡಿ. ಬ್ಯಾಗು ಬಿಚ್ಚಿ, ಮನೆಗೆ ಫೋನ್ ಮಾಡಿ, ಐದಕ್ಕೆ ‘ಸೆಂತೊ’ಗೆ ಹೊರಡಿ. ಬೀದಿಗಳ ನಡುವಿನ ಸಾರ್ವಜನಿಕ ಸ್ನಾನದ ಮನೆ ಅದು. ಟೋಕಿಯೋದಲ್ಲಿ 550 ಯೆನ್ ಆಸುಪಾಸು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಬಟ್ಟೆ ಇಲ್ಲದೆ ನಾಲ್ಕು ಜನರ ನಡುವೆ ಹೇಗಪ್ಪಾ ಅಂತ ನನಗೂ ಅಳುಕಿತ್ತು. ಒಳಗೆ ಹೋದರೆ ಯಾರೂ ಯಾರನ್ನೂ ನೋಡುವುದಿಲ್ಲ. ಚಪ್ಪಲಿಗೆ ಮರದ ಬೀಗದ ಪೆಟ್ಟಿಗೆ. ಮೊದಲು ಗಿಡ್ಡ ಸ್ಟೂಲಿನ ಮೇಲೆ ಕೂತು ಸೋಪು ಹಾಕಿ ಪೂರ್ತಿ ಮೈ ತೊಳೆಯಬೇಕು, ಆಮೇಲೆ ತೊಟ್ಟಿಗೆ ಇಳಿಯಬೇಕು. ಕೂದಲು ಮೇಲೆ ಕಟ್ಟಿ. ಟವೆಲ್ಲು ನೀರಿಗೆ ತಾಗಬಾರದು, ನಾನು ತೆನುಗುಯಿಯನ್ನು ಮಡಚಿ ತಲೆ ಮೇಲೆ ಇಟ್ಟುಕೊಂಡೆ, ಪಕ್ಕದಲ್ಲಿದ್ದ ಅಜ್ಜಿಯ ಹಾಗೆ. ನೀರು ನಮ್ಮ ಬಚ್ಚಲುಮನೆಯ ಹಂಡೆ ನೀರಿನಷ್ಟೇ ಬಿಸಿ. ಎದುರಿನ ಗೋಡೆ ತುಂಬ ಫ್ಯೂಜಿ ಬೆಟ್ಟದ ಚಿತ್ರ. ಇಂಥ ಚಿತ್ರ ಮೊದಲು ಬರೆದದ್ದು 1912ರಲ್ಲಿ, ಟೋಕಿಯೋದ ಕಾಂದಾ ಅನ್ನುವ ಕಡೆಯ ಒಂದು ಸ್ನಾನದ ಮನೆಯಲ್ಲಿ. ಐದೈದು ನಿಮಿಷಕ್ಕೊಮ್ಮೆ ಎದ್ದು ಹೊರಗೆ ಕೂರಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಎದ್ದು ಬಂದು ಒಂದು ಬಾಟಲಿ ತಣ್ಣನೆಯ ಹಾಲು ಕುಡಿಯಿರಿ.

ಏಳಕ್ಕೆ ಅನ್ನ, ಒಂಬತ್ತಕ್ಕೆ ಹಾಸಿಗೆ. ನಾನು ಎದ್ದದ್ದು ಬೆಳಿಗ್ಗೆ ಆರಕ್ಕೆ.

ಬಟ್ಟೆ ಬೀದಿಯನ್ನು ಈ ಎರಡನೇ ದಿನಕ್ಕೆ ಇಟ್ಟುಕೊಳ್ಳಿ. ಅದು ಇರುವುದು ನಿಪ್ಪೋರಿ ಸ್ಟೇಷನ್ನಿನ ಪೂರ್ವಕ್ಕೆ, ಸುಮಾರು ಒಂದು ಕಿಲೋಮೀಟರ್ ಉದ್ದ. ‘ತೊಮಾತೊ’ ಅನ್ನುವ ಅಂಗಡಿಯಲ್ಲಿ ಅಗ್ಗದ ಬಟ್ಟೆಯ ರಾಶಿಯೇ ಇದೆ. ಅಲ್ಲಿ ಲೆಕ್ಕವೆಲ್ಲ ಮೀಟರಿನಲ್ಲಿ. ಬ್ಲೌಸಿಗೆ, ಲೈನಿಂಗಿಗೆ ಎಷ್ಟು ಬೇಕು ಅಂತ ಮನೆಯಿಂದಲೇ ಬರೆದುಕೊಂಡು ಹೋಗಿ, ಟೇಪು ಜೊತೆಗಿರಲಿ. ಭಾನುವಾರ ಬಹಳ ಅಂಗಡಿಗಳು ಮುಚ್ಚಿರುತ್ತವೆ. ಹಾಗಾಗಿ ಬಟ್ಟೆಗೆ ಅಂತಲೇ ಹೋಗುವವರು ಶನಿವಾರ ಇಳಿಯುವ ಟಿಕೆಟ್ ಮಾಡಿಸಬೇಡಿ.